ಓಟ ನಿಂತ ದಿನಗಳ ಲೆಕ್ಕ

ಮಾರ್ಗಶಿರ ಹಿಡಿದರೆ ಬೆಳ್ಳಾವಿ ಸೀಮೆಯ ಗಾಳಿಯ ಗುಣವೇ ಬೇರೆ. ಕೊಯ್ದು ಮೆದೆ ಹಾಕಿದ್ದ ರಾಗಿ ಕಣಕ್ಕಿಳಿಯುತ್ತದೆ. ಕಣ ಮಾಡಲು ಜಾಗವೋ ಪುರಸೊತ್ತೋ ಇಲ್ಲದವರು ಡಾಂಬರು ರಸ್ತೆಯ ಮೇಲೇ ತೆನೆ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಚಕ್ರಗಳೇ ರೋಣಗಲ್ಲಿನ ಕೆಲಸ ಮಾಡುತ್ತವೆ. ಒಕ್ಕಣೆ ಮುಗಿದು ತೂರುವಾಗ ಏಳುವ ಹೊಟ್ಟಿನ ದೂಳು ಸಂಜೆಯವರೆಗೂ ಕೂರುವುದಿಲ್ಲ. ಬೆಳಗಿನ ಜಾವ ಮನೆಮನೆಯ ಹಂಡೆ ಒಲೆಗೆ ತೆಂಗಿನ ಗರಿ, ಮಟ್ಟೆ, ಕರಟ ಬೀಳುತ್ತವೆ. ಆ ಹೊಗೆ ಚಳಿಗೆ ಮೇಲೇರಲಾರದೆ ತೋಟಗಳ ನಡುವೆ ಆಳೆತ್ತರದಲ್ಲೇ ಹಾಸಿಕೊಂಡಿರುತ್ತದೆ.

ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಕೆಲವರಿಗೆ ಕಾಲೇಜು ಕ್ರೀಡಾಕೂಟ, ಕೆಲವರಿಗೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ, ಬಹುಪಾಲು ಮಂದಿಗೆ ಪೊಲೀಸ್ ಭರ್ತಿ ಅಥವಾ ಸೇನಾ ಭರ್ತಿ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ತಿಂಗಳುಗಟ್ಟಲೆ ಬೆವರು ಸುರಿಸಿ ಸೆಕೆಂಡು ಸೆಕೆಂಡು ಇಳಿಸಿಕೊಂಡು ಬಂದವರಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಕೆಮ್ಮು ಶುರುವಾಗುತ್ತದೆ. ಎದೆ ಬಿಗಿಯುತ್ತದೆ, ಉಸಿರು ಬಿಡುವಾಗ ಸುಂಯ್ ಎನ್ನುತ್ತದೆ. ಚಿಕ್ಕಂದಿನಲ್ಲಿ ಇದ್ದು ಮರೆತೇ ಹೋಗಿದ್ದ ದಮ್ಮು ಮತ್ತೆ ಬಂದಿದೆ.

ಆಗ ಓಟಗಾರನ ತಲೆಯಲ್ಲಿ ಓಡುವುದು ಒಂದೇ ಯೋಚನೆ: ಇಷ್ಟು ದಿನ ಪಟ್ಟ ಶ್ರಮವೆಲ್ಲ ಹೋಯಿತಲ್ಲ. ಸದ್ದು ಒಂಚೂರು ಅಡಗಿದೊಡನೆ ಬೂಟು ಕಟ್ಟಿ ಹೊರಟುಬಿಡುತ್ತಾನೆ. ನಾಲ್ಕು ದಿನಕ್ಕೆ ಮತ್ತೆ ಮಲಗುತ್ತಾನೆ. ಈ ಅವಸರದ ಹಿಂದೆ ಒಂದು ತಪ್ಪು ಲೆಕ್ಕವಿದೆ. ಓಟ ನಿಲ್ಲಿಸಿದರೆ ಆಗುವ ನಷ್ಟವನ್ನು ನಾವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೇವೆ. ಶ್ವಾಸನಾಳದ ಊತ ಇಳಿಯುವ ಮುನ್ನ ಓಡಿದರೆ ಆಗುವ ನಷ್ಟವನ್ನು ಕಾಣುವುದೇ ಇಲ್ಲ.

ನಾಳದೊಳಗೆ ನಡೆಯುವುದೇನು?

ಆಸ್ತಮಾ ಎಂದರೆ ಶ್ವಾಸನಾಳದ ಒಳಪದರ ದೀರ್ಘಕಾಲ ಊದಿಕೊಂಡು, ಅತಿ ಸೂಕ್ಷ್ಮವಾಗಿ ಬದಲಾಗಿರುವ ಸ್ಥಿತಿ. ಬೇರೆಯವರಿಗೆ ಒಂದು ಸೀನು ತರುವ ದೂಳು ಇಲ್ಲಿ ಮೂರು ಕೆಲಸ ಮಾಡಿಸುತ್ತದೆ. ನಾಳವನ್ನು ಸುತ್ತಿರುವ ಸ್ನಾಯು ಬಿಗಿಯುತ್ತದೆ, ಒಳಪದರ ಇನ್ನಷ್ಟು ಊದುತ್ತದೆ, ಅಂಟಾದ ಕಫ ಸೇರಿಕೊಳ್ಳುತ್ತದೆ. ದಾರಿ ಕಿರಿದಾಗುತ್ತದೆ.

ಎಷ್ಟು ಕಿರಿದಾದರೆ ಎಷ್ಟು ಕಷ್ಟ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಒಂದು ಸರಳ ನಿಯಮವಿದೆ. ಕೊಳವೆಯೊಳಗೆ ಸರಾಗ ಹರಿವಿಗೆ ಎದುರಾಗುವ ತಡೆ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ತ್ರಿಜ್ಯ ಐದನೇ ಒಂದು ಭಾಗ ಕುಗ್ಗಿದರೆ ತಡೆ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಅರ್ಧಕ್ಕೆ ಇಳಿದರೆ 16 ಪಟ್ಟು. ಹನಿ ನೀರಾವರಿಯ ಪೈಪಿನಲ್ಲಿ ಉಪ್ಪು ಕಟ್ಟಿಕೊಂಡ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಳಗೆ ಕೂತದ್ದು ತೆಳುವಾದ ಪದರವೇ ಆದರೂ ಕೊನೆಯ ಗಿಡಕ್ಕೆ ನೀರೇ ತಲುಪುವುದಿಲ್ಲ.

ಓಟ ಈ ಕಿರಿದಾದ ದಾರಿಯ ಮೇಲೆ ಹೊಸ ಹೊರೆ ಹೇರುತ್ತದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಎಳೆಯುತ್ತೇವೆ. ತಾಲೀಮು ಪಡೆದ ಯುವಕ ಜೋರಾಗಿ ಓಡುವಾಗ ಅದು 100 ಲೀಟರ್ ದಾಟುತ್ತದೆ. ಅಷ್ಟು ಗಾಳಿ ಮೂಗಿನಲ್ಲಿ ಹಿಡಿಯುವುದಿಲ್ಲ, ಬಾಯಿ ತೆರೆಯಲೇಬೇಕು. ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಕೂಡಿಸುವ ಮೂಗಿನ ಕೆಲಸವೆಲ್ಲ ಆಗ ಒಳಗಿನ ನಾಳಗಳ ಮೇಲೆ ಬೀಳುತ್ತದೆ. ಒಣಗಾಳಿ ನಾಳದ ಮೇಲ್ಮೈಯಲ್ಲಿರುವ ತೆಳುವಾದ ನೀರಿನ ಪದರವನ್ನು ಹೀರುತ್ತದೆ. ಉಳಿದ ದ್ರವದಲ್ಲಿ ಲವಣದ ಸಾಂದ್ರತೆ ಏರುತ್ತದೆ. ಅದಕ್ಕೆ ಕೆರಳಿದ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯುಕೋಟ್ರಿಯೀನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಸ್ನಾಯು ಬಿಗಿಯುತ್ತದೆ. ಮಾಗಿಯ ಚಳಿಯಲ್ಲಿ ಗಾಳಿಯಲ್ಲಿರುವ ನೀರಿನ ಅಂಶ ಕಡಿಮೆ; ಹಾಗಾಗಿ ಓಟಕ್ಕೆ ಹಿತವೆನಿಸುವ ಆ ತಂಪು ಮುಂಜಾವೇ ಶ್ವಾಸನಾಳಕ್ಕೆ ಕಷ್ಟದ ಹೊತ್ತು.

ಈ ಬಿಗಿತಕ್ಕೆ ಒಂದು ಗುರುತಿದೆ. ದಣಿವಿನ ಏದುಸಿರು ಓಟ ನಿಂತ ಕೆಲವು ನಿಮಿಷದಲ್ಲಿ ಇಳಿಯುತ್ತ ಹೋಗುತ್ತದೆ. ಓಟದಿಂದ ಕೆರಳಿದ ಉಬ್ಬಸ ನಿಂತ ಮೇಲೇ ಹೆಚ್ಚುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ತಾರಕಕ್ಕೇರಿ, ಸಾಮಾನ್ಯವಾಗಿ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. 1600 ಮೀಟರ್ ಮುಗಿಸಿ ಗೆರೆ ದಾಟಿದ ಹುಡುಗ ಮೈದಾನದ ಅಂಚಿನಲ್ಲಿ ಕೂತು ಕೆಮ್ಮುತ್ತಲೇ ಇದ್ದರೆ ಅದನ್ನು ‘ಸ್ಟ್ಯಾಮಿನಾ ಸಾಲದು’ ಎಂದು ತಳ್ಳಿಹಾಕಬಾರದು. ಇನ್ನಷ್ಟು ಓಡಿಸುವುದು ಅದಕ್ಕೆ ಮದ್ದಲ್ಲ, ಅವನ ಶ್ವಾಸಕೋಶದ ಪರೀಕ್ಷೆ ಆಗಬೇಕು.

ಕೆರಳಿಸುವ ಊರ ಗಾಳಿ

ಓಟದಿಂದ ಮಾತ್ರ ಬರುವ ಬಿಗಿತ ಗಂಟೆಯಲ್ಲಿ ಇಳಿಯುತ್ತದೆ. ದಿನಗಟ್ಟಲೆ ನಿಲ್ಲುವ ಉಲ್ಬಣದ ಕಥೆ ಬೇರೆ. ಅದರ ಹಿಂದೆ ಬಹುಮಟ್ಟಿಗೆ ನೆಗಡಿಯ ವೈರಸ್ ಇರುತ್ತದೆ, ಇಲ್ಲವೇ ಅಲರ್ಜಿ ತರುವ ಕಣಗಳಿರುತ್ತವೆ, ಅನೇಕ ಸಲ ಎರಡೂ ಕೂಡಿರುತ್ತವೆ. ಕಣದ ದೂಳಿನಲ್ಲಿ ಹೊಟ್ಟಿನ ಚೂರುಗಳ ಜೊತೆಗೆ ಹುಲ್ಲಿಗೆ ಹಿಡಿದ ಬೂಸ್ಟಿನ ಬೀಜಕಣಗಳಿರುತ್ತವೆ. ಅವು ಮೂಗನ್ನೂ ಗಂಟಲನ್ನೂ ದಾಟಿ ಒಳಗಿನ ನಾಳಕ್ಕಿಳಿಯುವಷ್ಟು ಸಣ್ಣವು. ಅಲರ್ಜಿ ಇರುವವರಲ್ಲಿ ಮೊದಲ ಬಿಗಿತ ಬೇಗ ಇಳಿದರೂ ನಾಲ್ಕರಿಂದ ಎಂಟು ಗಂಟೆಯ ನಂತರ ಎರಡನೆಯ ಅಲೆ ಬರಬಹುದು. ಸಂಜೆ ಕಣದಲ್ಲಿ ದುಡಿದವನಿಗೆ ಸರಿರಾತ್ರಿ ಉಬ್ಬಸ ಏಳುವುದು ಇದರಿಂದಲೇ.

ರಸ್ತೆಯ ಅಂಚಿನ ಕಾಂಗ್ರೆಸ್ ಗಿಡ ಇನ್ನೊಂದು ಕಾರಣ. ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಇದರ ಪರಾಗ ಮೂಗಿನ ಅಲರ್ಜಿಯನ್ನೂ ಉಬ್ಬಸವನ್ನೂ ಕೆರಳಿಸುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಂಶೋಧನೆ ನಡೆದು ಪುರಾವೆ ಸಿಕ್ಕಿದೆ. ಗಿಡವನ್ನು ತಿನ್ನಲೆಂದು ಮೆಕ್ಸಿಕೋದ ಒಂದು ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ನೆಲೆಯೂರಿತು, ಗಿಡವೂ ಉಳಿಯಿತು. ಬಯಲಿನಲ್ಲಿ ಓಡುವವರು ಹೂಬಿಟ್ಟ ಕಾಂಗ್ರೆಸ್ ಗಿಡದ ಪೊದೆಗಳ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವುದು ಮೇಲು. ಅದನ್ನು ಕೀಳುವ ಕೆಲಸಕ್ಕೆ ಉಬ್ಬಸವಿರುವವರು ಕೈ ಹಾಕದಿರುವುದು ಇನ್ನೂ ಮೇಲು.

ನಮ್ಮ ರಾಜ್ಯದಲ್ಲಿ ಈ ಕಾಯಿಲೆ ಹೇಗೆ ಏರಿತು ಎಂಬುದಕ್ಕೆ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ದಾಖಲೆ ಮುಖ್ಯ. ಬೆಂಗಳೂರಿನ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಅವರು ಎರಡು ದಶಕ ಗಮನಿಸಿದರು. 1979ರಲ್ಲಿ ಅವರಲ್ಲಿ 9% ಮಕ್ಕಳಿಗೆ ಆಸ್ತಮಾ ಇತ್ತು, 1999ರ ಹೊತ್ತಿಗೆ ಅದು 29.5% ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇದನ್ನು ಇಡೀ ಊರಿಗೆ ಅನ್ವಯಿಸಲಾಗದು. ಆದರೆ ಏರಿಕೆಯ ದಿಕ್ಕು ಸ್ಪಷ್ಟವಾಗಿದೆ. ವಾಹನಗಳ ಹೊಗೆ ಮತ್ತು ನಗರದ ಬೆಳವಣಿಗೆ ಇದಕ್ಕೆ ಕಾರಣವೆಂದು ಅವರು ಗುರುತಿಸಿದರು. ಇಂದು ಭರ್ತಿಗೆ ಓಡುತ್ತಿರುವವರು ಆ ತಲೆಮಾರಿನ ನಂತರದವರು.

ಪಂಪಿನ ಭಯ

1955ರಲ್ಲಿ ಅಮೆರಿಕದ ಒಂದು ಔಷಧ ಕಂಪನಿಯ ಅಧ್ಯಕ್ಷರ ಹದಿಮೂರು ವರ್ಷದ ಮಗಳು, ಆಸ್ತಮಾದಿಂದ ನರಳುತ್ತಿದ್ದವಳು, ತಂದೆಯನ್ನು ಕೇಳಿದಳು: ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯಂತೆ ನನ್ನ ಔಷಧವನ್ನೂ ಯಾಕೆ ಮಾಡಬಾರದು? ಮರುವರ್ಷವೇ ಅಳತೆ ಮಾಡಿ ಔಷಧ ಚಿಮ್ಮಿಸುವ ಮೊದಲ ಇನ್ಹೇಲರ್, ಅಂದರೆ ನಮ್ಮ ಜನ ಹೇಳುವ ಪಂಪು, ಮಾರುಕಟ್ಟೆಗೆ ಬಂತು. 1969ರಲ್ಲಿ ಸ್ನಾಯುವನ್ನು ಸಡಿಲಿಸುವ ಸಾಲ್ಬುಟಮಾಲ್ ಬಂತು, 1972ರಲ್ಲಿ ಊತವನ್ನು ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಬಂತು. ಹೊರಗಿನಿಂದ ಒಂದೇ ತರಹ ಕಾಣುವ ಈ ಎರಡರ ಕೆಲಸ ಪೂರಾ ಬೇರೆ. ಮೊದಲನೆಯದು ಆ ಹೊತ್ತಿನ ಬಿಗಿತ ಬಿಡಿಸುತ್ತದೆ. ಎರಡನೆಯದು ಬಿಗಿತಕ್ಕೆ ಕಾರಣವಾದ ಊತವನ್ನು ದಿನದಿನಕ್ಕೂ ತಗ್ಗಿಸುತ್ತದೆ.

ನಮ್ಮಲ್ಲಿ ಬಳಕೆಯಾಗುವುದು ಹೆಚ್ಚಾಗಿ ಮೊದಲನೆಯದು, ಅದೂ ಕೊನೆಗಳಿಗೆಯಲ್ಲಿ. ‘ಪಂಪು ಹಿಡಿದರೆ ಚಟವಾಗುತ್ತೆ’, ‘ಮದುವೆಯಾಗೋ ಹುಡುಗಿ ಕೈಲಿ ಅದು ಕಾಣಬಾರದು’, ‘ಸ್ಟೀರಾಯ್ಡ್ ಮೂಳೆ ತಿನ್ನುತ್ತೆ’ ಎಂಬ ಮಾತುಗಳು ಪ್ರತಿ ಊರಲ್ಲೂ ಇವೆ. ಅಂಕಿಗಳು ಬೇರೆ ಹೇಳುತ್ತವೆ. ಉಲ್ಬಣವಾದಾಗ ಕೆಲವು ದಿನ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯ ಪ್ರಮಾಣ ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಆಸುಪಾಸು, ಅಂದರೆ 40,000 ಮೈಕ್ರೋಗ್ರಾಂ. ತಡೆಗಟ್ಟುವ ಇನ್ಹೇಲರಿನಲ್ಲಿ ಬ್ಯುಡೆಸೊನೈಡ್‌ನ ಒಂದು ಎಳೆತದಲ್ಲಿ ಇರುವುದು 100ರಿಂದ 200 ಮೈಕ್ರೋಗ್ರಾಂ, ಅದೂ ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ಕಾಟವೂ ತಗ್ಗುತ್ತದೆ. ದಿನದ ಇನ್ಹೇಲರಿಗೆ ಹೆದರಿ ಅದನ್ನು ಬಿಟ್ಟವರೇ ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರೆ, ಇಂಜೆಕ್ಷನ್ನಿನ ರೂಪದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸ್ಟೀರಾಯ್ಡ್ ದೇಹಕ್ಕೆ ತುಂಬಿಸಿಕೊಳ್ಳುತ್ತಾರೆ.

ತಕ್ಷಣದ ಸುಖ ಕೊಡುವ ಪಂಪನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದು ಈಗ ಚೆನ್ನಾಗಿ ಗೊತ್ತಾಗಿದೆ. ಬಿಗಿತ ಬಿಟ್ಟಂತೆ ಅನ್ನಿಸುತ್ತದೆ, ಊತ ಒಳಗೇ ಬೆಳೆಯುತ್ತದೆ. 2019ರಲ್ಲಿ ಆಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯೇ ಬದಲಾಯಿತು: ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬಾರದು, ಊತ ಇಳಿಸುವ ಔಷಧವೂ ಜೊತೆಗಿರಬೇಕು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತೀಯರು ಸುಮಾರು 13%. ಆಸ್ತಮಾದಿಂದ ಸಾಯುವವರಲ್ಲಿ ನಮ್ಮ ಪಾಲು 40% ದಾಟುತ್ತದೆ. ಮೃಗಶಿರದ ದಿನ ಹೈದರಾಬಾದಿನಲ್ಲಿ ಮೀನಿನ ಮದ್ದು ನುಂಗಲು ನಮ್ಮ ರಾಜ್ಯದಿಂದಲೂ ಜನ ಹೋಗುತ್ತಾರೆ. ಅದು ಉಬ್ಬಸ ವಾಸಿ ಮಾಡುತ್ತದೆ ಎನ್ನಲು ವೈಜ್ಞಾನಿಕ ಪುರಾವೆಯಿಲ್ಲ. ಪುರಾವೆಯಿರುವ ಸಾಲ್ಬುಟಮಾಲ್, ಬ್ಯುಡೆಸೊನೈಡ್ ಎರಡೂ ದೇಶದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ.

ಭರ್ತಿಗೆ ಓಡುವವರು ಕಾಯಿಲೆ ಮುಚ್ಚಿಡಲು ಇನ್ನೊಂದು ಕಾರಣವಿದೆ. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಆಸ್ತಮಾ ಅನರ್ಹತೆಗೆ ಕಾರಣವಾಗುತ್ತದೆ. ವರ್ಷಗಟ್ಟಲೆ ಕನಸು ಕಟ್ಟಿದ ಹುಡುಗನಿಗೆ ಇದು ಕಹಿ ಸತ್ಯ. ಆದರೂ ಮುಚ್ಚಿಟ್ಟ ಉಬ್ಬಸ ಗಡಿಯ ಚಳಿಯಲ್ಲೋ ಮರುಭೂಮಿಯ ದೂಳಿನಲ್ಲೋ ಮೇಲೆದ್ದರೆ ಅಪಾಯ ಅವನೊಬ್ಬನಿಗಲ್ಲ. ಓಡುವ ಕಾಲಿಗೆ ಬೇರೆ ದಾರಿಗಳೂ ಇವೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಹೋದ ಅಮೆರಿಕದ 597 ಕ್ರೀಡಾಪಟುಗಳನ್ನು ತಪಾಸಿಸಿದಾಗ 67 ಮಂದಿಗೆ ವ್ಯಾಯಾಮದಿಂದ ಉಬ್ಬಸ ಕೆರಳುತ್ತಿತ್ತು. ಆ 67 ಮಂದಿ ಗೆದ್ದ ಪದಕ 41. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದ ಪೌಲಾ ರ‍್ಯಾಡ್‌ಕ್ಲಿಫ್ ಚಿಕ್ಕಂದಿನಿಂದ ಆಸ್ತಮಾ ಇದ್ದವರು.

ಕಾಲು ಕಳೆದುಕೊಳ್ಳುವುದೆಷ್ಟು?

ಈಗ ಆ ತಪ್ಪು ಲೆಕ್ಕಕ್ಕೆ ಬರೋಣ. ಓಟಗಾರನ ಸಾಮರ್ಥ್ಯವನ್ನು ಅಳೆಯುವ ಒಂದು ಮುಖ್ಯ ಮಾನದಂಡ, ಪೂರ್ಣ ವೇಗದಲ್ಲಿ ದೇಹ ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಪ್ರಮಾಣ. 1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ತಾಲೀಮನ್ನು ಪೂರ್ತಿ ನಿಲ್ಲಿಸಿ ಅಳೆದರು. ಮೊದಲ 21 ದಿನದಲ್ಲಿ ಇಳಿದದ್ದು ಸುಮಾರು 7%. ಎಂಟು ವಾರದ ಹೊತ್ತಿಗೆ ಸುಮಾರು 16% ಇಳಿದು ಅಲ್ಲಿಗೇ ನಿಂತಿತು. ಮೊದಲ ವಾರಗಳ ಇಳಿಕೆಗೆ ದೊಡ್ಡ ಕಾರಣ, ರಕ್ತದ ಪ್ರಮಾಣ ತಗ್ಗಿ ಹೃದಯದ ಒಂದು ಬಡಿತಕ್ಕೆ ಹೊಮ್ಮುವ ರಕ್ತ ಕಡಿಮೆಯಾಗುವುದು. ಮತ್ತೆ ಓಟ ಶುರುಮಾಡಿದರೆ ಬೇಗ ತುಂಬಿಕೊಳ್ಳುವುದೂ ಇದೇ.

ಹತ್ತು ದಿನ ಮನೆಯಲ್ಲಿ ಕೂತವನು ಕಳೆದುಕೊಳ್ಳುವುದು ಆ 7%ರೊಳಗೇ. ಅವಸರಪಟ್ಟು ಮೂರನೇ ದಿನ ಓಡಿದವನ ಎದುರಿಗಿರುವುದು ನಾಲ್ಕನೇ ಘಾತದ ನಿಯಮ. ನೆಗಡಿಯ ವೈರಸ್ಸಿನಿಂದ ಕೆರಳಿದ ನಾಳದ ಸೂಕ್ಷ್ಮತೆ, ಕೆಮ್ಮು ನಿಂತ ಮೇಲೂ ವಾರಗಳ ಕಾಲ ಉಳಿಯಬಹುದು. ಆ ಹೊತ್ತಿನಲ್ಲಿ ನಿಮಿಷಕ್ಕೆ ನೂರು ಲೀಟರ್ ಒಣಗಾಳಿ ಎಳೆದರೆ ಊತ ಮತ್ತೆ ಮೊದಲಿಗೆ ಹೋಗುತ್ತದೆ. ಹತ್ತು ದಿನದ ವಿರಾಮ ಎರಡು ತಿಂಗಳಾಗುವುದು ಹೀಗೆ.

ಈ ಲೆಕ್ಕವನ್ನು ಸರಿಯಾಗಿ ಹಾಕಿದವರು ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ. 2008ರಲ್ಲಿ ಮ್ಯಾರಥಾನ್ ವಿಶ್ವದಾಖಲೆ ಅವರ ಹೆಸರಿನಲ್ಲೇ ಇತ್ತು, ಬೀಜಿಂಗ್ ಒಲಿಂಪಿಕ್ಸ್ ಎದುರಿಗಿತ್ತು. ಆಸ್ತಮಾ ಇದ್ದ ಅವರು ಬೀಜಿಂಗಿನ ಕಲುಷಿತ ಗಾಳಿಯಲ್ಲಿ ಎರಡು ಗಂಟೆ ಓಡಲಾರೆ ಎಂದು ಮ್ಯಾರಥಾನನ್ನೇ ಬಿಟ್ಟರು. 10,000 ಮೀಟರ್ ಓಡಿ ಆರನೆಯವರಾದರು. ಆ ಒಲಿಂಪಿಕ್ ಮ್ಯಾರಥಾನ್ ನಡೆದು ಐದು ವಾರಕ್ಕೆ, ಸೆಪ್ಟೆಂಬರ್ 28ರಂದು ಬರ್ಲಿನ್‌ನಲ್ಲಿ 2 ಗಂಟೆ 3 ನಿಮಿಷ 59 ಸೆಕೆಂಡಿಗೆ ಓಡಿ ತಮ್ಮ ದಾಖಲೆಯನ್ನು ತಾವೇ ಮುರಿದರು. 2 ಗಂಟೆ 4 ನಿಮಿಷದೊಳಗೆ ಮ್ಯಾರಥಾನ್ ಮುಗಿಸಿದ ಮೊದಲಿಗರು ಅವರು.

ಮತ್ತೆ ಓಡುವ ಮುನ್ನ

ಉಲ್ಬಣವಾದ ದಿನ ಮೊದಲ ಕೆಲಸ ನೆಟ್ಟಗೆ ಕೂತು, ವೈದ್ಯರು ಹೇಳಿದ ಪ್ರಮಾಣದಲ್ಲಿ ಪಂಪು ಎಳೆಯುವುದು. ಔಷಧ ಗಂಟಲಿಗೆ ಅಂಟದೆ ಒಳಗಿಳಿಯಲು, ಪಂಪಿಗೂ ಬಾಯಿಗೂ ನಡುವೆ ಇಡುವ ಸ್ಪೇಸರ್ ಎಂಬ ಕೊಳವೆ ಬೇಕು. ಅದು ಕೈಯಲ್ಲಿಲ್ಲದಿದ್ದರೆ 500 ಮಿಲಿಲೀಟರಿನ ನೀರಿನ ಬಾಟಲಿ ಸಾಕು. ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದು, ಸಂದಿಗೆ ಟೇಪು ಸುತ್ತಿ, ಇನ್ನೊಂದು ತುದಿಯಲ್ಲಿ ಬಾಟಲಿಯ ಬಾಯಿಗೆ ತುಟಿ ಮುಚ್ಚಿ ಉಸಿರೆಳೆಯಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಮತ್ತು ಸಂಗಡಿಗರು ಉಬ್ಬಸದಿಂದ ಬಂದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು 1999ರಲ್ಲಿ ಪ್ರಕಟಿಸಿದರು. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ, ಅಥವಾ ಎಳೆಯಲಾರದಷ್ಟು ಬಳಲಿ ಎದೆಯ ಸದ್ದೇ ಅಡಗಿದರೆ 108ಕ್ಕೆ ಕರೆ ಮಾಡಬೇಕು. ಸದ್ದಡಗಿದ್ದು ವಾಸಿಯಾದ ಲಕ್ಷಣವಲ್ಲ, ಗಾಳಿಯೇ ಆಡುತ್ತಿಲ್ಲ ಎಂಬ ಲಕ್ಷಣ.

ಓಟಕ್ಕೆ ಮರಳುವ ದಿನವನ್ನು ಮನಸ್ಸಿನ ಆತುರಕ್ಕೆ ಬಿಡದೆ ಅಳತೆಗೆ ಒಪ್ಪಿಸಬೇಕು. ಪೀಕ್ ಫ್ಲೋ ಮೀಟರ್ ಎಂಬ ಅಂಗೈಯಗಲದ ಪ್ಲಾಸ್ಟಿಕ್ ಕೊಳವೆ ಈ ಕೆಲಸಕ್ಕಿದೆ. ನಿಂತು, ಎದೆ ತುಂಬ ಉಸಿರೆಳೆದು, ಒಂದೇ ಬೀಸಿಗೆ ಜೋರಾಗಿ ಊದಿದರೆ ಮುಳ್ಳು ಮುಂದೆ ಸರಿದು ನಿಲ್ಲುತ್ತದೆ. ಮೂರು ಸಲ ಊದಿ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಚೆನ್ನಾಗಿದ್ದ ದಿನಗಳ ಅತ್ಯುತ್ತಮ ಅಳತೆ 500 ಆಗಿದ್ದವನಿಗೆ 400 ದಾಟಿದರೆ ಹಸಿರು, 250ರಿಂದ 400ರವರೆಗೆ ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಹಳದಿಯಲ್ಲಿ ಓಟವಿಲ್ಲ. ಕೆಂಪಿನಲ್ಲಿ ಮನೆಯಲ್ಲೂ ಕೂರುವಂತಿಲ್ಲ, ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಸಂಜೆ ಹಸಿರು ಕದಲದೆ ನಿಂತಿರಬೇಕು, ರಾತ್ರಿ ಕೆಮ್ಮಿಗೆ ಎಚ್ಚರವಾಗಬಾರದು, ತುರ್ತು ಪಂಪಿನ ಅಗತ್ಯ ಬೀಳಬಾರದು. ಇಷ್ಟೂ ಕೆಲವು ದಿನ ಕೂಡಿ ಬಂದ ಮೇಲೆ ಬೂಟಿಗೆ ಕೈ ಹಾಕಬಹುದು.

ಮೊದಲ ವಾರ ನಡಿಗೆ, ನಡುನಡುವೆ ಮೆಲ್ಲಗಿನ ಓಟ, ಜೊತೆಯಲ್ಲಿ ಮಾತಾಡಿಕೊಂಡು ಹೋಗುವಷ್ಟು ವೇಗ. ಆಮೇಲೆ ದೂರ, ಕೊನೆಗೆ ವೇಗ. ಓಡುವ ಮುನ್ನ ಹತ್ತು ಹದಿನೈದು ನಿಮಿಷ ಸಣ್ಣ ಸಣ್ಣ ವೇಗದ ತುಣುಕುಗಳಿಂದ ಮೈ ಕಾಯಿಸಿಕೊಂಡರೆ ಒಂದು ವಿಶೇಷ ಲಾಭವಿದೆ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಮುಂದಿನ ಒಂದೆರಡು ಗಂಟೆ ಶ್ವಾಸನಾಳ ಸುಲಭಕ್ಕೆ ಕೆರಳುವುದಿಲ್ಲ. ಇದರ ಜೊತೆಗೆ ಓಟಕ್ಕೆ ಮುಂಚೆ ಪಂಪು ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಸ್ಪರ್ಧೆಗಿಳಿಯುವವರಿಗೆ ಇನ್ಹೇಲರಿನ ಸಾಲ್ಬುಟಮಾಲ್ ನಿಗದಿತ ಮಿತಿಯೊಳಗೆ ನಿಷಿದ್ಧವಲ್ಲ. ವಿಶ್ವ ಉದ್ದೀಪನ ತಡೆ ಸಂಸ್ಥೆಯ ಮಿತಿ 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು.

ಒಕ್ಕಣೆಯ ತಿಂಗಳುಗಳಲ್ಲಿ ಓಟದ ಹೊತ್ತು ಬದಲಿಸಿಕೊಳ್ಳಿ. ಬಿಸಿಲೇರಿ ನೆಲ ಕಾದ ಮೇಲೆ ಹೊಗೆ ಮೇಲಕ್ಕೇರುತ್ತದೆ, ಹಾಗಾಗಿ ನಸುಕಿಗಿಂತ ಇಳಿಮಧ್ಯಾಹ್ನ ವಾಸಿ. ರಾಗಿ ಹರಡಿದ ರಸ್ತೆ ಬಿಟ್ಟು ಶಾಲೆಯ ಮೈದಾನವನ್ನೋ ಕೆರೆ ಏರಿಯನ್ನೋ ಹಿಡಿಯಿರಿ. ಚಳಿಯಲ್ಲಿ ಮೂಗು ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದರೆ ಒಳಹೋಗುವ ಗಾಳಿಗೆ ಸ್ವಲ್ಪ ಬಿಸಿಯೂ ತೇವವೂ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಓಡಲು ಆರಾಮವೆನಿಸಿತೆಂದು ದಿನದ ಇನ್ಹೇಲರನ್ನು ನೀವೇ ನಿಲ್ಲಿಸಬೇಡಿ. ಆರಾಮವಾಗಿರುವುದು ಅದು ಕೆಲಸ ಮಾಡುತ್ತಿರುವುದರಿಂದ.

ಊರಿನ ಹುಡುಗರನ್ನು ಓಡಿಸುವ ದೈಹಿಕ ಶಿಕ್ಷಕರಲ್ಲಿ, ಭರ್ತಿ ತರಬೇತಿ ಕೊಡುವ ಮಾಜಿ ಸೈನಿಕರಲ್ಲಿ, ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಓಡಿ ನಿಂತ ಮೇಲೆ ಕೆಮ್ಮುವ ಮಗುವನ್ನು ಬೈದು ಇನ್ನೊಂದು ಸುತ್ತು ಓಡಿಸಬೇಡಿ, ‘ಇವನಿಗಾಗಲ್ಲ’ ಎಂದು ಬದಿಗೂ ಸರಿಸಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಶ್ವಾಸಕೋಶದ ಪರೀಕ್ಷೆ ಮಾಡಿಸಿ, ಊತ ಇಳಿಯುವಷ್ಟು ದಿನ ಕಾಯಿರಿ. ಆ ದಿನಗಳಲ್ಲಿ ಹೋದ ತಾಕತ್ತು ತಾಲೀಮಿನಿಂದ ಮರಳಿ ಬರುತ್ತದೆ. ಕಾಯದೆ ಓಡಿಸಿ ಹೋದ ಜೀವ ಮರಳುವುದಿಲ್ಲ.